ಸ್ಕ್ಯಾನರ್ ಇಟ್ಟ ಕುಂಕುಮ

ನಾನು ಕ್ರಿಯೇಟಿವ್ ಡಿಸೈನರ್. ಹಾಗಂತ ನನ್ನ ವಿಸಿಟಿಂಗ್ ಕಾರ್ಡಿನಲ್ಲಿತ್ತು. ಕಾರ್ಡನ್ನು ಡಿಸೈನ್ ಮಾಡಿದವನೂ ನಾನೇ ಆದ್ದರಿಂದ ಅದನ್ನು ತಿದ್ದುವವರು ಯಾರೂ ಇರಲಿಲ್ಲ. ಬದರಿನಾಥ ಎಂಬ ಹೆಸರಿನ ಕೆಳಗೆ 'ವೆಬ್, ಗ್ರಾಫಿಕ್ಸ್, ಮಲ್ಟಿಮೀಡಿಯಾ' ಎಂದೂ, ಅದರ ಕೆಳಗೆ ಇನ್ನೂ ಸಣ್ಣ ಅಕ್ಷರದಲ್ಲಿ 'ಬೆಂಗಳೂರು, ಸಿಂಗಪುರ' ಎಂದೂ ಹಾಕಿಸಿದ್ದೆ. ಸಿಂಗಪುರದಲ್ಲಿ ನನ್ನ ಹೆಂಡತಿಯ ಚಿಕ್ಕಪ್ಪನ ಮಗ ಒಬ್ಬನಿದ್ದ. ಅವನಿಗೆ ಈ ವಿಷಯ ಗೊತ್ತಿರಲಿಲ್ಲ.

ಅದಕ್ಕೂ ಮೊದಲು ಇಪ್ಪತ್ತಾರು ವರ್ಷ ನಾನು ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಸ್ಪ್ಯಾನರುಗಳನ್ನು ಬೆಳಿಗ್ಗೆ ಕೊಟ್ಟು ಸಂಜೆ ವಾಪಸ್ಸು ಪಡೆಯುತ್ತಿದ್ದೆ. ಎರಡು ಸಾವಿರದ ಒಂದನೇ ಇಸವಿಯಲ್ಲಿ ಸ್ವಯಂ ನಿವೃತ್ತಿ ಸಿಕ್ಕಿತು. 'ಸ್ವಯಂ' ಎನ್ನುವ ಭಾಗವನ್ನು ಕಾರ್ಖಾನೆಯವರೇ ನೋಡಿಕೊಂಡರು. ಮನೆಯಲ್ಲಿ ಸುಮ್ಮನೆ ಕೂತರೆ ಹೆಂಡತಿ ಉಮಾಮಹೇಶ್ವರಿ ತರಕಾರಿ ಹೆಚ್ಚಲು ಕೊಡುತ್ತಾಳೆ ಎಂಬ ಭಯಕ್ಕೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಮೂರು ತಿಂಗಳ ವೆಬ್ ಡಿಸೈನಿಂಗ್ ಕೋರ್ಸಿಗೆ ಸೇರಿದೆ. ನನ್ನ ಗುರುವಿಗೆ ಇಪ್ಪತ್ತೆರಡು ವರ್ಷ. ನನಗೆ ನಲವತ್ತೆಂಟು. ಅವನು ನನ್ನನ್ನು ಅಂಕಲ್ ಎಂದೂ ನಾನು ಅವನನ್ನು ಸಾರ್ ಎಂದೂ ಕರೆಯುತ್ತಿದ್ದೆವು.

ಕೊನೆಯ ದಿನ ಅವನೊಂದು ಮಾತು ಹೇಳಿದ. "ಅಂಕಲ್, ಸಾಫ್ಟ್‌ವೇರಿನ ಹೊಸ ವರ್ಷನ್‌ನಲ್ಲಿ ನೀವೇನೂ ಯೋಚನೆ ಮಾಡೋ ಹಾಗೇ ಇಲ್ಲ. ಎಲ್ಲಾ ಆಟೋಮ್ಯಾಟಿಕ್. ಫೋಟೋದಲ್ಲಿ ಏನಾದ್ರೂ ಬಿಟ್ಟುಹೋಗಿದ್ರೆ ಅದೇ ತುಂಬ್ಕೊಳ್ಳತ್ತೆ." ಈ ಮಾತನ್ನು ನಾನು ಮಂತ್ರೋಪದೇಶದಂತೆ ಮನಸ್ಸಿನಲ್ಲಿಟ್ಟುಕೊಂಡೆ. ಮುಂದೆ ನಡೆದ ಅನಾಹುತಕ್ಕೆ ಅರ್ಧ ಕಾರಣ ಇದು. ಉಳಿದರ್ಧಕ್ಕೆ ಆಯುಧಪೂಜೆ ಕಾರಣ.

ಬನಶಂಕರಿ ಎರಡನೇ ಹಂತದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಬಂತು. ಫೋಟೋವನ್ನು ಮಗುಚಿ ಹಾಕಿದರೆ ನಕಲು ತೆಗೆದು ಪರದೆಗೆ ಕಳಿಸುವ ಸ್ಕ್ಯಾನರ್ ಬಂತು. ಎಲ್ಲಕ್ಕಿಂತ ಹೆಚ್ಚಾಗಿ, ಈ ಕಡೆ ಯಾರೂ ನೋಡಿರದ ಒಂದು ಡಿಜಿಟಲ್ ಸ್ಲೇಟು ಮತ್ತು ಅದರ ಪೆನ್ನು ಬಂತು. ಸ್ಲೇಟಿನ ಮೇಲೆ ಪೆನ್ನಾಡಿಸಿದರೆ ಪರದೆಯ ಮೇಲೆ ಗೆರೆ ಮೂಡುತ್ತದೆ. ಒತ್ತಿದಷ್ಟೂ ದಪ್ಪ, ಬಿಟ್ಟಷ್ಟೂ ತೆಳು. ಒತ್ತಡದಲ್ಲಿ ಐನೂರ ಹನ್ನೆರಡು ಹಂತಗಳಿವೆಯೆಂದು ಡಬ್ಬಿಯ ಮೇಲೆ ಬರೆದಿತ್ತು. ನಾನು ಮನೆಗೆ ಬಂದವರಿಗೆಲ್ಲ ಕಾಫಿಗಿಂತ ಮೊದಲು ಈ ಐನೂರ ಹನ್ನೆರಡನ್ನು ಕೊಡುತ್ತಿದ್ದೆ.

ನನ್ನದೇ ಒಂದು ವೆಬ್‌ಸೈಟನ್ನೂ ಮಾಡಿದೆ. ಸುಸ್ವಾಗತ ಎಂಬ ಅಕ್ಷರ ಮಿನುಗುತ್ತಿತ್ತು, ಒಂದು ಲಕೋಟೆ ಗಿರಗಿರ ತಿರುಗುತ್ತಿತ್ತು, ಎಷ್ಟು ಜನ ಭೇಟಿ ಕೊಟ್ಟರೆಂದು ತೋರಿಸುವ ಮೀಟರೂ ಇತ್ತು. ನಲವತ್ತಮೂರು ಜನ ಭೇಟಿ ಕೊಟ್ಟಿದ್ದರು. ಅದರಲ್ಲಿ ನಲವತ್ತೊಂದು ಸಲ ನಾನೇ. ಗೇಟಿಗೆ ಬೋರ್ಡ್ ಹಾಕಿದ ಮೇಲೆ ಗಿರಾಕಿಗಳೂ ಬಂದರು. ಎಲ್ಲರೂ ಜೆರಾಕ್ಸ್ ಕೇಳಿ ಹೋದರು.

ಅಷ್ಟರಲ್ಲಿ ಆಯುಧಪೂಜೆ ಬಂತು. ಟೂಲ್ ರೂಮಿನಲ್ಲಿ ಇಪ್ಪತ್ತಾರು ವರ್ಷ ಒಂದು ಸ್ಕ್ರೂಡ್ರೈವರನ್ನೂ ಬಿಡದೆ ಪೂಜೆ ಮಾಡಿದವನು ನಾನು. ಮೌಸಿನ ಪಕ್ಕ ನಿಂಬೆಹಣ್ಣು ಇಟ್ಟೆ. ಮಾನಿಟರಿಗೆ ಚೆಂಡುಹೂವಿನ ಹಾರ ಹಾಕಿದೆ. ಉಮಾ ಸ್ಕ್ಯಾನರಿನ ಮುಚ್ಚಳದ ಮೇಲೆ ಗಂಧ ಹಚ್ಚಲು ಬಂದಾಗ ತಡೆದೆ.

"ಮುಚ್ಚಳಕ್ಕೆ ಯಾರಾದ್ರೂ ಪೂಜೆ ಮಾಡ್ತಾರೇನೇ? ಕೆಲಸ ಮಾಡೋದು ಒಳಗಿನ ಗಾಜು," ಎಂದು ಮುಚ್ಚಳ ತೆಗೆದು, ಗಾಜಿಗೆ ಗಂಧ ಹಚ್ಚಿ, ಅದರ ಮೇಲೆ ಒಂದು ಬೊಟ್ಟು ಕುಂಕುಮ ಇಟ್ಟು, ಮುಚ್ಚಳ ಹಾಕಿದೆ.

ಮರುದಿನ "ಎಲ್ಲಾ ಒರೆಸಿದ್ರಾ?" ಎಂದು ಅವಳು ಕೇಳಿದಳು. ಕಣ್ಣಿಗೆ ಕಂಡದ್ದನ್ನೆಲ್ಲ ಒರೆಸಿದ್ದೆ. ಒರೆಸಿದೆ ಎಂದೆ. ಗಾಜಿನ ಮೇಲೊಂದು ಬೊಟ್ಟು ಉಳಿದಿದೆ ಎಂಬುದನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನಾನು ನೆನಪಿಟ್ಟುಕೊಳ್ಳಲಿಲ್ಲ. ಮುಂದೆ ಮೂರು ವಾರ ಯಾವ ಕೆಲಸವೂ ಬಾರದ ಕಾರಣ ಆ ಮುಚ್ಚಳ ತೆಗೆಯುವ ಸಂದರ್ಭವೂ ಒದಗಲಿಲ್ಲ.

ನನ್ನ ಮೊದಲ ಗಿರಾಕಿ ನಮಗೆ ಹಾಲು ಹಾಕುತ್ತಿದ್ದ ಗೋವಿಂದಮ್ಮ. ಕದಿರೇನಹಳ್ಳಿಯ ಹಳೇ ಮನೆಯವರು. ಅವರ ಯಜಮಾನರು ಮುನಿಯಣ್ಣ ನಮ್ಮ ರಸ್ತೆಗೆ ನೀರು ಬಿಡುತ್ತಿದ್ದವರು. ಅವರು ತೀರಿಕೊಂಡು ಒಂಬತ್ತು ವರ್ಷವಾಗಿತ್ತು, ಅಂದಿನಿಂದ ನಮ್ಮ ರಸ್ತೆಗೆ ನೀರು ಹೇಳಿದ ಹೊತ್ತಿಗೆ ಬಂದದ್ದಿಲ್ಲ. ಆ ದಿನ ಬೆಳಿಗ್ಗೆ ಗೋವಿಂದಮ್ಮ ಹಾಲು ಅಳೆದು ಕೊಟ್ಟು, ಕ್ಯಾನನ್ನು ಬಾಗಿಲ ಬಳಿ ಇಟ್ಟು, ಸೆರಗಿನ ಗಂಟಿನಿಂದ ಎರಡು ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆದರು.

"ಸಾಮಿ, ನೀವು ಬ್ಯಾರೆ ಬ್ಯಾರೆ ಪೋಟೋನ ಜೋಡಿಸ್ತೀರಂತೆ, ಹೌದಾ?"

"ಜೋಡಿಸೋದೇನು, ಜಗತ್ತನ್ನೇ ಜೋಡಿಸ್ತೀನಿ. ಇದರಲ್ಲಿ ಐನೂರ ಹನ್ನೆರಡು..."

"ಅದೆಲ್ಲ ನಂಗೊತ್ತಾಗಕ್ಕಿಲ್ಲ. ಇದು ಅವ್ರು ಕೆಲಸಕ್ಕೆ ಸೇರ್ದಾಗ ತೆಗೆಸಿದ್ದು. ಇದು ನಂದು, ಅವ್ರು ಹೋದ್ಮ್ಯಾಕೆ ಎಲೆಕ್ಸನ್ ಕಾರ್ಡಿಗೆ ತೆಗೆಸಿದ್ದು. ನಮ್ ಮದ್ವೇಲಿ ಪೋಟೋದವ್ನು ಬರ್ನಿಲ್ಲ. ಆಮ್ಯಾಕೆ ಯಾವಾಗ ಕೇಳಿದ್ರೂ ದೀಪಾವಳಿ ಕಳೀಲಿ ಅನ್ನೋರು. ಇಪ್ಪತ್ತೆಂಟು ದೀಪಾವಳಿ ಕಳೆದ್ವು. ಆಮ್ಯಾಕೆ ಅವ್ರೇ ಹೋದ್ರು."

ಅವರ ಮಗ ಕೋಣನಕುಂಟೆಯಲ್ಲಿ ಮನೆ ಕಟ್ಟಿಸಿದ್ದ. ಮುಂದಿನ ಶುಕ್ರವಾರ ಗೃಹಪ್ರವೇಶ.

"ಹೊಸಾ ಮನೆ ಗೋಡೇಲಿ ನಾವಿಬ್ರೂ ಒಟ್ಗೆ ಕೂತಿರ್ಬೇಕು ಸಾಮಿ. ಅಷ್ಟೇಯ. ಇನ್ನೇನೂ ಕೇಳಕ್ಕಿಲ್ಲ ನಾನು," ಎಂದರು.

ನಾನು ಗಂಭೀರವಾಗಿ ತಲೆಯಾಡಿಸಿ, ಎರಡೂ ಫೋಟೋಗಳನ್ನು ಸ್ಕ್ಯಾನರಿನಲ್ಲಿ ಮಗುಚಿ ಹಾಕಿದೆ. ನನ್ನ ಕಣ್ಣು ಮಾನಿಟರಿನ ಮೇಲಿತ್ತು. ಡಿಸೈನರುಗಳ ಕಣ್ಣು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಒಳಗೆ ಬೆಳಕು ಸರಿಯಿತು. ಪರದೆಯ ಮೇಲೆ ಎಡಕ್ಕೆ ಮುನಿಯಣ್ಣನ ಕ್ರಾಪು, ಬಲಕ್ಕೆ ಗೋವಿಂದಮ್ಮನ ಬೈತಲೆ, ಆಮೇಲೆ ಹಣೆ ಇಳಿಯಿತು. ಗೋವಿಂದಮ್ಮನ ಹಣೆಯಲ್ಲಿ, ಎರಡು ಹುಬ್ಬುಗಳ ನಟ್ಟನಡುವೆ, ಕಾಸಿನಗಲದ ಕೆಂಪು ಕುಂಕುಮ ಇತ್ತು.

ಗೋವಿಂದಮ್ಮ ಪರದೆಯ ಹತ್ತಿರ ಬಂದು ಬಗ್ಗಿ ನೋಡಿದರು.

"ಇದೇನ್ ಸಾಮಿ? ನೀವಿಟ್ರಾ?"

"ನಾನ್ಯಾಕೆ ಇಡ್ಲಿ? ನನ್ನ ಕೈ ಇಲ್ಲೇ ಇದೆ ನೋಡಿ."

"ಹಂಗಾರೆ ಮಿಸಿನ್ನೇ ಇಡ್ತಾ?"

ಗುರುವಿನ ಉಪದೇಶ ನೆನಪಾಯಿತು. "ಮಿಷಿನ್ನೇ. ಇದು ಹೊಸ ವರ್ಷನ್ನು. ಬಿಟ್ಟುಹೋದದ್ದನ್ನ ಅದೇ ತುಂಬ್ಕೊಳ್ಳತ್ತೆ. ಬಹುಶಃ ಇಂಡಿಯಾಗೆ ಅಂತಲೇ ಬೇರೆ ಮಾಡಿದಾರೆ. ಹೆಂಗಸರ ಹಣೆ ಖಾಲಿ ಕಂಡ್ರೆ ಇಟ್ಬಿಡತ್ತೆ."

"ತಾನಾಗೇ?"

"ತಾನಾಗೇ."

ಗೋವಿಂದಮ್ಮನ ಕೈ ಹಣೆಯವರೆಗೆ ಹೋಗಿ, ಮುಟ್ಟದೆ, ಸೆರಗು ಸರಿಮಾಡಿಕೊಂಡು ಕೆಳಗೆ ಬಂತು. ಕಣ್ಣಲ್ಲಿ ನೀರು ಬಂದಿತ್ತು. "ನಾಳಿಕ್ ಬತ್ತೀನಿ ಸಾಮಿ," ಎಂದು ಹೊರಟೇಹೋದರು. ಹಾಲಿನ ಕ್ಯಾನು ನಮ್ಮ ಬಾಗಿಲಲ್ಲೇ ಉಳಿಯಿತು. ಹದಿನೈದು ವರ್ಷದಲ್ಲಿ ಅವರು ಕ್ಯಾನು ಮರೆತವರಲ್ಲ. ಇದು ಕೋಪವೇ ಎಂದು ನಾನು ತೀರ್ಮಾನಿಸಿದೆ.

ಉಮಾ ಬಂದು ಪರದೆ ನೋಡಿದಳು. "ಯಾರ ಹಣೆಗೆ ಕುಂಕುಮ ಇಟ್ಟಿದೀರಿ, ಗೊತ್ತಾಗ್ತಿದೆಯೇನ್ರೀ?"

"ನಾನಿಟ್ಟಿಲ್ಲ ಕಣೆ. ಸಾಫ್ಟ್‌ವೇರು."

"ಸಾಫ್ಟ್‌ವೇರಿಗೆ ಬುದ್ಧಿ ಇಲ್ಲ, ಸರಿ. ಪಕ್ಕದಲ್ಲಿ ಕೂತೋರಿಗೂ ಬೇಡ್ವಾ? ಆಯಮ್ಮ ಅತ್ಕೊಂಡು ಹೋದ್ರು. ನಾಳೆಯಿಂದ ಪ್ಯಾಕೆಟ್ ಹಾಲಿಗೆ ನೀವೇ ಕ್ಯೂ ನಿಲ್ಲಿ."

ಇಂಥ ಸಂಕಟದಲ್ಲಿ ನಮ್ಮ ರಸ್ತೆಯವರು ಹೋಗುವುದು ಪಕ್ಕದ ಮನೆಯ ಸಂಜೀವಯ್ಯನವರ ಬಳಿಗೆ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಅವರು ಬಂದು, ಕನ್ನಡಕ ಒರೆಸಿ, ಪರದೆಯನ್ನು ಸ್ಥಳ ಮಹಜರು ಮಾಡುವಂತೆ ನೋಡಿ, ತಮ್ಮ ಪೆನ್ಷನ್ ಪುಸ್ತಕದಲ್ಲಿದ್ದ ಫೋಟೋ ತೆಗೆದುಕೊಟ್ಟರು. "ಪರೀಕ್ಷೆ ಮಾಡದೆ ಷರಾ ಬರೀಬಾರದು. ಇದನ್ನ ಅದೇ ಜಾಗದಲ್ಲಿ ಹಾಕಿ."

ಹಾಕಿದೆ. ಸಂಜೀವಯ್ಯನವರ ಮೂಗಿನ ತುದಿಯಲ್ಲಿ ಕೆಂಪು ಬೊಟ್ಟು ಮೂಡಿತು.

"ಹೆಂಗಸರಿಗೆ ಮಾತ್ರ ಅಂದ್ರಿ," ಎಂದರು ಅವರು, ಮೂಗು ಮುಟ್ಟಿಕೊಳ್ಳುತ್ತ.

"ಇನ್ನೂ ಕಲೀತಾ ಇದೆ ಸಾರ್, ಹೊಸದಲ್ವಾ," ಎಂದೆ.

"ಅದು ಕಲಿಯೋದ್ರೊಳಗೆ ನೀವು ಸಿಕ್ಕಿಬೀಳ್ತೀರಿ. ಆಯಮ್ಮನ ಕಡೆಯವರು ನಾಳೆ ಬಂದೇ ಬರ್ತಾರೆ. ನನ್ನ ಮಾತು ಕೇಳಿ ಬದರಿನಾಥ್. ಮೂವತ್ತನಾಲ್ಕು ವರ್ಷ ಕಚೇರೀಲಿ ನೋಡಿದೀನಿ. ಎದುರಿನವರು ಬಾಯಿ ತೆಗೆಯೋ ಮೊದಲೇ ತಪ್ಪೊಪ್ಪಿಕೊಂಡು, ಅವರೆದುರಿಗೇ ಸರಿ ಮಾಡಿಬಿಡಿ. ಮಾತಾಡೋಕೆ ಬಿಟ್ರೋ, ಕೆಟ್ರಿ."

ಇದಕ್ಕಿಂತ ಒಳ್ಳೆಯ ಸಲಹೆ ನನ್ನ ಜೀವನದಲ್ಲಿ ಯಾರೂ ಕೊಟ್ಟಿರಲಿಲ್ಲ ಎಂದು ಆಗ ಅನ್ನಿಸಿತು. ಇಡೀ ದಿನ ಸ್ಲೇಟಿನ ಮೇಲೆ ಪೆನ್ನಾಡಿಸಿ ಅಳಿಸುವುದನ್ನು ಅಭ್ಯಾಸ ಮಾಡಿದೆ. ಸಂಜೀವಯ್ಯನವರ ಮೂಗಿನ ಮೇಲೇ ಮಾಡಿದೆ. ಹನ್ನೊಂದನೇ ಸಲಕ್ಕೆ ಬೊಟ್ಟು ಹೋಗಿ ಮೂಗು ಮಾತ್ರ ಉಳಿಯುವಂತಾಯಿತು.

ಮರುದಿನ ಗೋವಿಂದಮ್ಮ ಬಂದರು. ಒಬ್ಬರೇ ಅಲ್ಲ. ಜೊತೆಗೆ ಸೊಸೆ ಇಂದ್ರಾಣಿ, ಮತ್ತೆ ಬಿಳಿ ಕೂದಲಿನ ಒಬ್ಬ ಎತ್ತರದ ಮುದುಕಿ. ಮುನಿಯಣ್ಣನ ಅಕ್ಕ ಬೈರಮ್ಮ, ಗೃಹಪ್ರವೇಶಕ್ಕೆಂದು ಕನಕಪುರದ ಕಡೆಯಿಂದ ಬಂದವರು, ಇಡೀ ವಂಶವೇ ಅವರ ಮಾತಿಗೆ ನಡುಗುತ್ತದೆ ಎಂದು ಇಂದ್ರಾಣಿ ಪರಿಚಯಿಸಿದ ರೀತಿಯಲ್ಲೇ ತಿಳಿಯಿತು. ಸಂಜೀವಯ್ಯನವರು ಸಾಕ್ಷಿಯಾಗಿ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ನನ್ನತ್ತ ಕಣ್ಣು ಹಾಯಿಸಿ ಸನ್ನೆ ಮಾಡಿದರು.

"ಸಾಮಿ, ನಿನ್ನೆ ಆ ಮಿಸಿನ್ನು..." ಎಂದು ಗೋವಿಂದಮ್ಮ ಶುರು ಮಾಡಿದರು.

"ಏನೂ ಹೇಳಬೇಡಿ ಗೋವಿಂದಮ್ಮ. ತಪ್ಪಾಗಿದೆ. ಪೂರ್ತಿ ನನ್ನದೇ ತಪ್ಪು."

"ತಪ್ಪೇನಿಲ್ಲ ಸಾಮಿ, ನಾ ಹೇಳಕ್ಕೆ ಬಂದಿದ್ದು..."

"ನೀವು ದೊಡ್ಡ ಮನಸ್ಸಿನೋರು, ಹಾಗೇ ಹೇಳ್ತೀರಿ. ಕೂತ್ಕೊಳ್ಳಿ. ಈಗ ನೋಡಿ."

ಫೋಟೋವನ್ನು ಪರದೆಯ ತುಂಬ ದೊಡ್ಡದು ಮಾಡಿದೆ. ಬೈರಮ್ಮ ಕುಂಕುಮ ಕಂಡು "ಅಯ್ಯೋ ಶಿವನೇ, ಇದೇನಿದು ಗೋವಿಂದಿ?" ಎಂದರು. ಗೋವಿಂದಮ್ಮ ಅವರ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದರು. ನಾನು ಬಿಡಲಿಲ್ಲ. ಪೆನ್ನು ಕೈಗೆತ್ತಿಕೊಂಡೆ. ಗೋವಿಂದಮ್ಮನ ಕೆನ್ನೆಯಿಂದ ಒಂದಿಷ್ಟು ಬಣ್ಣ ತೆಗೆದುಕೊಂಡು ಹಣೆಗೆ ಎಳೆದೆ. ಒಂದು, ಎರಡು, ಮೂರು. ಐದನೆಯ ಸಲಕ್ಕೆ ಕುಂಕುಮ ಇದ್ದ ಜಾಗವೇ ಇರಲಿಲ್ಲ.

"ಹ್ಞೂ, ಈಗ ಸರಿ ಆಯ್ತು," ಎಂದರು ಬೈರಮ್ಮ.

ಸಂಜೀವಯ್ಯನವರು ಕುರ್ಚಿಯಲ್ಲೇ ಚಪ್ಪಾಳೆ ತಟ್ಟಿದರು. ಉಮಾ ಅಡುಗೆಮನೆಯ ಬಾಗಿಲಿನಿಂದ ಮೆಚ್ಚುಗೆಯಿಂದ ನೋಡಿದಳು. ಮದುವೆಯಾದ ಮೇಲೆ ಅದು ಎರಡನೇ ಸಲ.

ಗೋವಿಂದಮ್ಮ ಪರದೆಯನ್ನೇ ನೋಡುತ್ತಿದ್ದರು. "ಎಷ್ಟ್ ಬೇಗ ಹೋಯ್ತು ಸಾಮಿ," ಎಂದರು.

ನನ್ನ ಎದೆಯುಬ್ಬಿತು. "ಬೇಗ ಹೋಗದೆ ಏನು ಗೋವಿಂದಮ್ಮ. ಇದರಲ್ಲಿ ಒತ್ತಡಕ್ಕೇ ಐನೂರ ಹನ್ನೆರಡು ಹಂತ ಇದೆ," ಎಂದು ಅಷ್ಟನ್ನೂ ವಿವರಿಸಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು. ಅಷ್ಟು ತಾಳ್ಮೆಯಿಂದ ಯಾರೂ ನನ್ನ ಐನೂರ ಹನ್ನೆರಡನ್ನು ಕೇಳಿದ್ದಿಲ್ಲ. ಆಮೇಲೆ ಇಬ್ಬರನ್ನೂ ಒಂದು ನೀಲಿ ಹಿನ್ನೆಲೆಯ ಮುಂದೆ ಭುಜಕ್ಕೆ ಭುಜ ತಾಗುವಂತೆ ಕೂರಿಸಿ, ಪ್ರಿಂಟು ತೆಗೆಸಿ ಕಟ್ಟು ಹಾಕಿಸಿಕೊಟ್ಟೆ.

ಗೃಹಪ್ರವೇಶಕ್ಕೆ ನಾನೂ ಉಮಾಳೂ ಕೋಣನಕುಂಟೆಗೆ ಹೋದೆವು. ನಡುಮನೆಯ ಗೋಡೆಯಲ್ಲಿ ನನ್ನ ಕೆಲಸ ನೇತಾಡುತ್ತಿತ್ತು. ಬಂದವರೆಲ್ಲ ನಿಂತು ನೋಡುತ್ತಿದ್ದರು. ಮುನಿಯಣ್ಣ ಇಪ್ಪತ್ತೆರಡರ ಹುಡುಗ, ಗೋವಿಂದಮ್ಮ ಐವತ್ತೈದರ ಹೆಂಗಸು, ತಾಯಿ ಮಗನ ಹಾಗೆ ಕಾಣುತ್ತಾರೆ ಎಂದು ಯಾರೋ ಹಿಂದಿನಿಂದ ಅಂದರು. ನಾನು ಕೇಳಿಸದವನಂತೆ ನಾಲ್ಕು ವಿಸಿಟಿಂಗ್ ಕಾರ್ಡ್ ಹಂಚಿದೆ.

ಊಟದ ಪಂಕ್ತಿಯಲ್ಲಿ ಇಂದ್ರಾಣಿ ಪಾಯಸ ಬಡಿಸುತ್ತ ಬಂದವಳು ನನ್ನೆದುರು ನಿಂತಳು.

"ಅಂಕಲ್, ಬೇಜಾರ್ ಮಾಡ್ಕೋಬೇಡಿ, ಒಂದು ಮಾತು. ಅವತ್ತು ಅತ್ತೆ ಬೈರಮ್ಮ ದೊಡ್ಡತ್ತೇನ ನಿಮ್ಮನೆಗೆ ಯಾಕೆ ಕರ್ಕೊಂಡ್ ಬಂದಿದ್ರು ಗೊತ್ತಾ?"

"ಜಗಳಕ್ಕೆ ತಾನೇ? ಪಾಪ, ನಾನು ಮೊದಲೇ ಸರಿ ಮಾಡ್ಬಿಟ್ಟೆ."

"ಜಗಳಕ್ಕಲ್ಲ ಅಂಕಲ್. ಮಾವ ಹೋದ ಹನ್ನೊಂದನೇ ದಿನ ಅತ್ತೆ ಹಣೆ ಒರೆಸಿದ್ದು ದೊಡ್ಡತ್ತೇನೆ. ನಿಮ್ಮನೇಲಿ ಆ ಫೋಟೋ ನೋಡ್ಕೊಂಡ್ ಬಂದೋರು ಅತ್ತೆ ತುಂಬಾ ಹೊತ್ತು ಕನ್ನಡಿ ಮುಂದೆ ಕೂತಿದ್ರು. 'ಅವ್ರ ಪಕ್ಕ ಕೂತಾಗ ನಾನು ಹಂಗೇ ಇರ್ಬೇಕಲ್ವೇನೇ, ಬೋಳು ಹಣೇಲಿ ಎಂಗೆ ಕೂತ್ಕಳ್ಳಿ' ಅಂದ್ರು. ಮಿಷಿನ್ನೇ ತಾನಾಗಿ ಇಟ್ಟಿದ್ದು, ಯಾರೂ ಏನೂ ಅನ್ನೋ ಹಾಗಿಲ್ಲ ಅಂತ. ದೊಡ್ಡತ್ತೆ ಎದುರಿಗೇ ಇನ್ನೊಂದ್ಸಲ ಇಡ್ಲಿ, ಅವ್ರೂ ನೋಡ್ಲಿ ಅಂತ ಕರ್ಕೊಂಡ್ ಬಂದ್ರು."

ಅವಳು ಪಾಯಸ ಬಡಿಸಿ ಮುಂದೆ ಹೋದಳು. ಒಂಬತ್ತು ವರ್ಷದ ಹಿಂದೆ ಆ ಹೆಂಗಸಿನ ಹಣೆ ಒಂದು ಸಲ ಒರೆಸಿದ್ದರು. ಎರಡನೇ ಸಲ ಒರೆಸಿದವನು ನಾನು. ಅದೂ ಚಪ್ಪಾಳೆ ತಟ್ಟಿಸಿಕೊಂಡು. ನನ್ನ ಬಗ್ಗೆ ನನಗೇ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಮನೆಗೆ ಬಂದವನೇ ಸ್ಕ್ಯಾನರಿನ ಮುಚ್ಚಳ ತೆಗೆದೆ. ಈ ಸಲ ಮಾನಿಟರ್ ಆರಿತ್ತು, ಹಾಗಾಗಿ ಕಣ್ಣು ಗಾಜಿನ ಮೇಲೆ ಹೋಯಿತು. ಗಂಧದ ಜೊತೆ ಒಣಗಿ ಅಂಟಿಕೊಂಡಿದ್ದ ಕುಂಕುಮ ಅಲ್ಲೇ ಇತ್ತು. ಉಮಾ ಬಟ್ಟೆ ತಂದಳು. ನಾನು ಮುಟ್ಟಬೇಡ ಎಂದೆ. ಅದೇ ಮೂಲೆಯಲ್ಲಿ ಅದೇ ಫೋಟೋ ಹಾಕಿದರೆ ಅದೇ ಕುಂಕುಮ ಮತ್ತೆ ಬರುತ್ತದೆ. ಎಲ್ಲವನ್ನೂ ಸರಿ ಮಾಡಬಹುದು ಎಂದು ನನಗೆ ಜೀವ ಬಂತು.

ಬೆಳಿಗ್ಗೆ ಕದಿರೇನಹಳ್ಳಿಗೆ ನಡೆದೆ. ಹಸುಗಳಿಗಾಗಿ ಗೋವಿಂದಮ್ಮ ಇನ್ನೂ ಹಳೇ ಮನೆ ಬಿಟ್ಟಿರಲಿಲ್ಲ. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದರು.

"ಗೋವಿಂದಮ್ಮ, ನಿಮ್ಮ ಆ ಫೋಟೋ ಇನ್ನೊಂದ್ಸಲ ಕೊಡಿ. ಹಣೆಯಲ್ಲಿ ಕುಂಕುಮ ಬರೋ ಹಾಗೆ ಬೇರೆ ಮಾಡ್ಕೊಡ್ತೀನಿ."

ಅವರು ಕರೆಯುವುದನ್ನು ನಿಲ್ಲಿಸಲಿಲ್ಲ. "ಮಿಸಿನ್ ತಾನಾಗೇ ಇಡ್ತದಾ ಸಾಮಿ, ಇಲ್ಲ ನೀವಿಡ್ತೀರಾ?"

ತಾನಾಗೇ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಕಾರ್ಡಿನಲ್ಲಿ ಸಿಂಗಪುರ ಎಂದು ಬರೆಸಿ ಊರೆಲ್ಲ ಹಂಚಿದವನು ನಾನು. ಬೇಕಾಗಿದ್ದ ಒಂದೇ ಒಂದು ಸುಳ್ಳು ಆ ಹೊತ್ತಿಗೆ ಬಾಯಿಗೆ ಬರಲಿಲ್ಲ. ಆಯುಧಪೂಜೆಯಿಂದ ಹಿಡಿದು ಗಾಜಿನ ಮೇಲಿನ ಬೊಟ್ಟಿನವರೆಗೆ ಒಂದೂ ಬಿಡದೆ ಹೇಳಿದೆ. ಇಷ್ಟು ದಿನ ಗೊತ್ತಾಗದ ವಿಷಯ ಕಂಡುಹಿಡಿದೆನೆಂಬ ಹೆಮ್ಮೆಯೂ ಆ ಮಾತಿನಲ್ಲಿ ಸ್ವಲ್ಪ ಇತ್ತೆಂದು ತೋರುತ್ತದೆ.

"ಓ, ಹಬ್ಬದ ಕುಂಕುಮವಾ," ಎಂದು ಅವರು ನಕ್ಕರು. ಪಾತ್ರೆ ಎತ್ತಿಟ್ಟು, ಹಸುವಿನ ಬೆನ್ನು ತಟ್ಟಿ, ಎದ್ದು ನಿಂತರು. "ಬ್ಯಾಡ ಬಿಡಿ ಸಾಮಿ. ತಾನಾಗಿ ಬಂದಿದ್ರೆ ಇಟ್ಕತಿದ್ದೆ. ಕೇಳಿ ಇಡಿಸ್ಕಳಕ್ಕೆ ನನ್ ಕೈಲಾಗಕ್ಕಿಲ್ಲ."

ಬಂದಿದ್ದೀರಲ್ಲ ಎಂದು ಅಲ್ಲೇ ಹಾಲು ಅಳೆದು ಕೊಟ್ಟರು. ಎಂದಿನಂತೆ ಮೇಲೊಂದಿಷ್ಟು ಹೆಚ್ಚಿಗೆ ಹಾಕಿದರು. ನಾನು ಹಾಲು ಹಿಡಿದುಕೊಂಡು ಮನೆಗೆ ಬಂದೆ.

ಮುಂದಿನ ಯುಗಾದಿಗೆ ಗೇಟಿನ ಬೋರ್ಡ್ ಇಳಿಸಿದೆ. ಸ್ಲೇಟಿನ ಮೇಲೆ ಉಮಾ ಈಗ ಬಿಸಿ ಸಾರಿನ ಪಾತ್ರೆ ಇಡುತ್ತಾಳೆ. ಒತ್ತಡದ ಎಷ್ಟನೇ ಹಂತವೋ ನಾನು ಹೇಳುವುದಿಲ್ಲ.

ಆಮೇಲೆ ಹಸುಗಳನ್ನು ಮಾರಿ ಗೋವಿಂದಮ್ಮ ಕೋಣನಕುಂಟೆಗೆ ಹೋದರು. ಒಮ್ಮೊಮ್ಮೆ ನೋಡಿಕೊಂಡು ಬರಲು ಹೋಗುತ್ತೇನೆ. ಕಳೆದ ಸಲ ಹೋದದ್ದು ಶುಕ್ರವಾರ. ಇಂದ್ರಾಣಿ ಸ್ಟೂಲಿನ ಮೇಲೆ ನಿಂತು ಆ ಫೋಟೋದ ಗಾಜು ಒರೆಸುತ್ತಿದ್ದಳು. ಗೋವಿಂದಮ್ಮ ಕೆಳಗೆ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದರು. ತೀರಿಕೊಂಡವರಿಗೆ ವಾರವಾರ ಹಾಗೆ ಇಡುವುದು ಅವರ ಮನೆಯ ಪದ್ಧತಿ. ಇಂದ್ರಾಣಿ ಬೆರಳದ್ದಿ ಮುನಿಯಣ್ಣನ ಹಣೆಯ ಮೇಲೆ ದುಂಡಗೆ ಒಂದು ಬೊಟ್ಟು ಇಟ್ಟು ಕೆಳಗಿಳಿದಳು. ಗೋವಿಂದಮ್ಮ ಇನ್ನೂ ಸ್ವಲ್ಪ ಹೊತ್ತು ಬಟ್ಟಲು ಹಿಡಿದುಕೊಂಡೇ ನೋಡುತ್ತಿದ್ದರು. ಫೋಟೋದಲ್ಲಿ ಮುನಿಯಣ್ಣನ ಪಕ್ಕದಲ್ಲಿ ಅವರ ಹಣೆ ಖಾಲಿ ಇತ್ತು. ಅಲ್ಲೊಂದು ಕಾಲಕ್ಕೆ ಏನಾದರೂ ಇತ್ತೆಂದು ಯಾರಿಗೂ ಗೊತ್ತಾಗುವುದಿಲ್ಲ. ಗೆರೆಯಿಲ್ಲ, ಕಲೆಯಿಲ್ಲ. ಡಿಸೈನರ್ ಆಗಿ ನಾನು ಮಾಡಿದ್ದರಲ್ಲಿ ಒಂದು ಕುಂದೂ ಇಲ್ಲದ ಕೆಲಸ ಅದೊಂದೇ.